ಒಂದೇ ಕೋಲಿನ ಹಾಲಮ್ಮ

“ಮೇಷ್ಟ್ರೇ, ಎಲ್ಲ ಹೊಡೆತಕ್ಕೂ ಒಂದೇ ಕೋಲು ಸಾಕೇ?” ಎಂದು ಕೊಟ್ರೇಶ ಕೇಳಿದ.

ಕೊಟ್ರೇಶ ಮೂರು ವರ್ಷಗಳಿಂದ ಹುಸೇನ್‌ಪೀರ್ ಮೇಷ್ಟ್ರ ಬಳಿ ಪೂಲ್ ಆಟ ಕಲಿಯುತ್ತಿದ್ದ. ಅವನಲ್ಲಿದ್ದದ್ದು ಒಂದೇ ಕ್ಯೂ ಕೋಲು. ಆಟದ ಆರಂಭದಲ್ಲಿ ಚೆಂಡುಗಳ ಗುಂಪನ್ನು ಒಡೆಯಲು ಅದೇ, ಚೆಂಡನ್ನು ಮೇಜಿನ ಅಂಚಿನ ತೂತಿಗೆ, ಅಂದರೆ ಪಾಕೆಟ್‌ಗೆ, ಕಳಿಸಲು ಅದೇ, ಅಡ್ಡ ನಿಂತ ಚೆಂಡಿನ ಮೇಲಿಂದ, ಕೋಲಿನಿಂದ ಹೊಡೆಯುವ ಬಿಳಿ ಚೆಂಡನ್ನು ಹಾರಿಸಲೂ ಅದೇ. ಮುಂದಿನ ವಾರ ಅವನು ಮೊದಲ ಸಲ ದೊಡ್ಡ ಪಂದ್ಯಕ್ಕೆ ಹೋಗುವವನಿದ್ದ. ಅಲ್ಲಿಗೆ ಬರುವವರು ಒಡೆಯಲು ಒಂದು, ಆಡಲು ಒಂದು, ಹಾರಿಸಲು ಒಂದು ಎಂದು ಮೂರು ಕೋಲು ತರುತ್ತಾರೆ.

ಮೇಷ್ಟ್ರು ಸಾಕು ಎನ್ನಲಿಲ್ಲ, ಸಾಲದು ಎನ್ನಲೂ ಇಲ್ಲ. ಬೆಂಚಿನ ಮೇಲೆ ಕೂತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬಟ್ಟೆ ಗಿರಣಿ ಇತ್ತು. ಅದರ ರಿಪೇರಿ ವಿಭಾಗದಲ್ಲಿ ಹಾಲಮ್ಮ ಎಂಬ ಹೆಂಗಸು ಲೇತ್ ಯಂತ್ರ ನಡೆಸುತ್ತಿದ್ದಳು. ಅದೇ ಊರಿನ ಕ್ಲಬ್ಬಿನಲ್ಲಿ ಪೂಲ್ ಮೇಜಿನ ಕಾಲಿನ ತಿರುಪು ಸವೆದು ಮೇಜು ಒಂದು ಕಡೆಗೆ ವಾಲಿತು. ಕ್ಲಬ್ಬಿನವರು ಹಾಲಮ್ಮನನ್ನು ಕರೆಸಿದರು. ಅವಳು ಹೊಸ ತಿರುಪು ಮಾಡಿ ಹಾಕಿದಳು. ಮೇಜು ಮಟ್ಟಕ್ಕೆ ಬಂತೇ ಎಂದು ನೋಡಲು ಒಂದು ಚೆಂಡನ್ನು ಉರುಳಿಸಿದಳು. ಅದು ನೇರವಾಗಿ ಹೋಗಿ ಎದುರು ಬದಿಗೆ ಬಡಿದು, ನೇರವಾಗಿ ಬಂದು ಅವಳ ಕೈ ಸೇರಿತು. ಅಂದಿನಿಂದ ಆಟ ಅವಳನ್ನು ಹಿಡಿದುಕೊಂಡಿತು.

ಕ್ಲಬ್ಬಿನ ಮೇಜಿನ ಹತ್ತಿರ ಸದಸ್ಯರಲ್ಲದವರು ಬರುವಂತಿರಲಿಲ್ಲ. ಕಾರ್ಮಿಕರ ಸಂಘದ ಕೋಣೆಯಲ್ಲಿ ಒಂದು ಹಳೆಯ ಮೇಜು ಬಿದ್ದಿತ್ತು. ಕೆಲಸ ಮುಗಿದ ಮೇಲೆ ಹಾಲಮ್ಮ ಅಲ್ಲಿ ಆಡಿದಳು. ಮಗ್ಗದಿಂದ ಬಿಚ್ಚಿದ ಗಟ್ಟಿ ಮರವನ್ನು ಲೇತ್‌ಗೆ ಕೊಟ್ಟು ತನ್ನ ಕೋಲನ್ನು ತಾನೇ ಕಡೆದುಕೊಂಡಳು. ತುದಿಗೆ ತೊಗಲು ಅಂಟಿಸಿದಳು.

ಮೊದಲ ವರ್ಷ ಅವಳು ಮೈಯ ಬಲವನ್ನೆಲ್ಲ ಹಾಕಿ ಗುಂಪು ಒಡೆಯುತ್ತಿದ್ದಳು. ತುದಿಯ ತೊಗಲು ಚಪ್ಪಟೆಯಾಗಿ ಅಂಚು ಹೊರಗೆ ಚಾಚುತ್ತಿತ್ತು. ಮುಂದಿನ ಹೊಡೆತದಲ್ಲಿ ಚೆಂಡು ಹೇಳಿದ ಮಾತು ಕೇಳುತ್ತಿರಲಿಲ್ಲ. ಒಡೆದ ಕೋಲಿನಲ್ಲೇ ಆಮೇಲೆ ಮೆಲ್ಲಗೆ ಆಡಬೇಕಲ್ಲ? ಅವಳು ಬಲ ಕಡಿಮೆ ಮಾಡಿದಳು, ಗುರಿ ಬಿಗಿ ಮಾಡಿದಳು. ಹಾರಿಸುವುದು ಇನ್ನೂ ಕಷ್ಟವಾಯಿತು. ಹಾರಿಸುವ ಕೋಲು ಗಿಡ್ಡ, ಹಗುರ. ಅವಳದು ಉದ್ದ, ಭಾರ. ಹಿಡಿಯನ್ನು ಭುಜದ ಮೇಲಕ್ಕೆ ಎತ್ತಿ ಮೇಲಿಂದ ಕೆಳಗೆ ಹೊಡೆಯಬೇಕು. ಕಲಿಯುವಾಗ ಅವಳು ಸಂಘದ ಮೇಜಿನ ಬಟ್ಟೆಯನ್ನು ಎರಡು ಸಲ ಹರಿದಳು. ಎರಡು ಸಲವೂ ತಾನೇ ಕೂತು ಹೊಲಿದಳು. ಏಳು ವರ್ಷ ಹೀಗೆ ಕಳೆಯಿತು.

ಎಂಟನೆಯ ವರ್ಷ ಕ್ಲಬ್ಬಿನವರು ಊರಿನ ಎಲ್ಲರಿಗೂ ತೆರೆದ ಪಂದ್ಯ ಇಟ್ಟರು. ಎಲ್ಲರಿಗೂ ಎಂದು ಬರೆದವರು ಹಾಲಮ್ಮ ಬರುವಳೆಂದು ಎಣಿಸಿರಲಿಲ್ಲ. ಅವಳು ಬಂದಳು. ಒಬ್ಬರಾದ ಮೇಲೆ ಒಬ್ಬರನ್ನು ಸೋಲಿಸಿದಳು. ಕೊನೆಗೆ ಇಬ್ಬರು ಉಳಿದರು. ಒಬ್ಬಳು ಅವಳು. ಇನ್ನೊಬ್ಬ ಆ ಊರಿನ ವರ್ತಕ. ಅವನು ಒಳ್ಳೆಯ ಆಟಗಾರ. ಅವನ ಪೆಟ್ಟಿಗೆಯಲ್ಲಿ ಮೂರು ಕೋಲುಗಳಿದ್ದವು.

ಅಂತಿಮ ಪಂದ್ಯದ ದಿನ ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಅವಳನ್ನು ಕರೆದ.

“ನೋಡಮ್ಮ, ಆಡುವ ಕೋಲಿನಲ್ಲೇ ಒಡೆಯುವುದು, ಅದರಲ್ಲೇ ಹಾರಿಸುವುದು ಇಲ್ಲಿ ನಡೆಯುವುದಿಲ್ಲ. ಬಟ್ಟೆ ಹಾಳಾಗುತ್ತದೆ. ಮೂರು ಕೋಲು ತಂದರೆ ಆಡು.”

“ನಿಯಮದ ಪುಸ್ತಕದಲ್ಲಿ ಹಾಗಿದೆಯೇ, ಸ್ವಾಮಿ?”

“ಪುಸ್ತಕದಲ್ಲಿಲ್ಲ. ಇಲ್ಲಿಯ ಪದ್ಧತಿ.”

“ಪದ್ಧತಿ ಮುರಿದರೆ ಎಷ್ಟು ಫೌಲ್?” ಎಂದಳು ಹಾಲಮ್ಮ. “ಮೂರು ಮೂರು ಕೋಲು ಹೊತ್ತು ತರಲು ನಾನು ಇಲ್ಲಿ ಗುಡಾರ ಹಾಕಲು ಬಂದಿಲ್ಲ. ಆಡಲು ಬಂದಿದ್ದೇನೆ.”

ಕಾರ್ಯದರ್ಶಿ ಒಂದು ಕಾಗದ ತೆಗೆದ. ಅವಳಿಂದ ಮುಚ್ಚಳಿಕೆ ಬರೆಸಿಕೊಂಡ. ಹಾರಿಸುವಾಗ ಬಟ್ಟೆ ಹರಿದರೆ ಆ ಕ್ಷಣವೇ ಅವಳು ಸೋತಂತೆ. ಹಾಗೆ ಹರಿದರೆ ಮುಂದೆ ಅವಳಾಗಲಿ, ಗಿರಣಿಯ ಬೇರೆ ಯಾವ ಕೆಲಸಗಾರರಾಗಲಿ ಆ ಹಾಲ್‌ನಲ್ಲಿ ಆಡುವಂತಿಲ್ಲ. ಹಾಲಮ್ಮ ಓದಿದಳು, ಸಹಿ ಹಾಕಿದಳು.

ಮೊದಲು ಐದು ಗೇಮ್ ಗೆದ್ದವರಿಗೆ ಪಂದ್ಯ. ಮೇಜಿನ ಮೇಲಿರುವ ಚೆಂಡುಗಳಲ್ಲಿ ಸಣ್ಣ ಅಂಕಿಯದನ್ನೇ ಮೊದಲು ಮುಟ್ಟಬೇಕು, ಒಂಬತ್ತನೆಯದನ್ನು ಪಾಕೆಟ್‌ಗೆ ಹಾಕಿದವರಿಗೆ ಗೇಮ್. ವರ್ತಕ ಒಡೆದರೆ ಸಿಡಿಲು ಬಡಿದ ಹಾಗೆ ಸದ್ದಾಗುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಹಾಲಮ್ಮ ಒಡೆದರೆ ಸದ್ದು ಕಡಿಮೆ. ಆದರೆ ಚೆಂಡುಗಳು ಬಿಡಿ ಬಿಡಿಯಾಗಿ ನಿಲ್ಲುತ್ತಿದ್ದವು, ಬಿಳಿ ಚೆಂಡು ಮೇಜಿನ ನಡುವೆ ನಿಲ್ಲುತ್ತಿತ್ತು. ಒಡೆದ ಮೇಲೆ ಅವಳು ತುದಿಯ ತೊಗಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಮುಂದಿನ ಹೊಡೆತಕ್ಕೆ ಬಾಗುತ್ತಿದ್ದಳು. ಆರು ಗೇಮ್ ಮುಗಿದಾಗ ಅವಳು ನಾಲ್ಕು ಗೆದ್ದಿದ್ದಳು, ಅವನು ಎರಡು.

ವರ್ತಕ ಮುಚ್ಚಳಿಕೆಯ ಸಂಗತಿ ತಿಳಿದವನು. ಅವನು ಆಟ ಬದಲಿಸಿದ. ಚೆಂಡನ್ನು ಪಾಕೆಟ್‌ಗೆ ಹಾಕುವುದನ್ನು ಬಿಟ್ಟು, ಬಿಳಿ ಚೆಂಡನ್ನು ಬೇರೆ ಚೆಂಡುಗಳ ಹಿಂದೆ ಬಚ್ಚಿಡತೊಡಗಿದ. ಹಾರಿಸಿದರೆ ಮಾತ್ರ ನೇರ ದಾರಿ. ಹಾಲಮ್ಮ ಹಾರಿಸಲಿಲ್ಲ. ಅವಳ ಕಣ್ಣಿಗೆ ಹರಿದ ಬಟ್ಟೆ ಕಾಣುತ್ತಿತ್ತು. ಸಂಘದ ಕೋಣೆಯಲ್ಲಿ ಆಡುವವರ ಮುಖಗಳು ಕಾಣುತ್ತಿದ್ದವು. ಬದಿಗೆ ಬಡಿಸಿ ಸುತ್ತುದಾರಿಯಲ್ಲಿ ಚೆಂಡು ಮುಟ್ಟಲು ನೋಡಿದಳು. ತಪ್ಪಿತು. ಮತ್ತೆ ನೋಡಿದಳು. ಮತ್ತೆ ತಪ್ಪಿತು. ಪ್ರತಿ ತಪ್ಪಿಗೂ, ನಿಯಮದಂತೆ, ವರ್ತಕ ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟುಕೊಂಡು ಆಡಿದ. ಎರಡು ಗೇಮ್ ಹೋದವು. ನಾಲ್ಕಕ್ಕೆ ನಾಲ್ಕಾಯಿತು.

ಕೊನೆಯ ಗೇಮ್‌ನಲ್ಲಿ ಎಂಟು ಮತ್ತು ಒಂಬತ್ತನೆಯ ಚೆಂಡುಗಳಷ್ಟೇ ಉಳಿದವು. ಅವಳು ಮೊದಲು ಎಂಟನ್ನು ಮುಟ್ಟಬೇಕು. ವರ್ತಕ ಬಿಳಿ ಚೆಂಡನ್ನು ಒಂಬತ್ತರ ಹಿಂದೆ, ಒಂದು ಗೇಣಿನ ದೂರದಲ್ಲಿ ನಿಲ್ಲಿಸಿದ. ಸುತ್ತುದಾರಿ ಇರಲಿಲ್ಲ. ಕಾರ್ಯದರ್ಶಿ ಕುರ್ಚಿಯಿಂದ ಎದ್ದು ಮೇಜಿನ ಪಕ್ಕಕ್ಕೆ ಬಂದು ನಿಂತ.

ಹಾಲಮ್ಮ ಆ ಚೆಂಡನ್ನು ಬಹಳ ಹೊತ್ತು ನೋಡಿದಳು. ಎರಡು ಗೇಮ್ ಹೋದದ್ದು ಕೋಲಿನಿಂದಲ್ಲ, ಸಹಿಯಿಂದ ಎಂದು ಅವಳಿಗೆ ಆಗ ತಿಳಿಯಿತು. ತನ್ನ ಮೇಲೆ ತನಗೇ ಸಿಟ್ಟು ಬಂತು.

ವರ್ತಕ ತನ್ನ ಪೆಟ್ಟಿಗೆ ತೆರೆದು ಗಿಡ್ಡ ಕೋಲನ್ನು ಚಾಚಿದ.

“ಇದನ್ನು ತೆಗೆದುಕೊಳ್ಳಮ್ಮ. ಇದರಲ್ಲಾದರೆ ಬಟ್ಟೆಗೆ ಏನೂ ಆಗುವುದಿಲ್ಲ. ಸುಮ್ಮನೆ ಹಟ ಯಾಕೆ?”

“ನೀವು ಅದನ್ನು ಒಳಗಿಡಿ, ಸಾಹುಕಾರರೇ,” ಎಂದಳು ಅವಳು. “ಕಾರ್ಯದರ್ಶಿಗಳೇ, ಸ್ವಲ್ಪ ಹಿಂದೆ ನಿಲ್ಲಿ. ನನ್ನ ಕೋಲು ಉದ್ದ.”

ಕಾರ್ಯದರ್ಶಿ ಎರಡು ಹೆಜ್ಜೆ ಹಿಂದೆ ಸರಿದ. ಅವಳು ತುದಿ ಜಾರದಂತೆ ಚಾಕ್ ಹಚ್ಚಿ, ಹಿಡಿಯನ್ನು ಭುಜದ ಮೇಲಕ್ಕೆ ಎತ್ತಿ ಹೊಡೆದಳು. ಬಿಳಿ ಚೆಂಡು ಎದ್ದಿತು. ಒಂಬತ್ತರ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ದಾಟಿ ಎಂಟನ್ನು ಬಡಿಯಿತು. ಎಂಟು ಬದಿಗೆ ತಾಗಿ ಉರುಳಿ ಪಾಕೆಟ್‌ನ ಬಾಯಿಗೆ ಬಂದು ನಿಂತಿತು. ಒಳಗೆ ಬೀಳಲಿಲ್ಲ.

ಕಾರ್ಯದರ್ಶಿ ಬಟ್ಟೆಯ ಮೇಲೆ ಬಾಗಿದ. ಬಿಳಿ ಚೆಂಡು ಎದ್ದ ಜಾಗದಲ್ಲಿ ಒಂದು ಗುರುತಿತ್ತು. “ಹರಿದಿದೆ!” ಎಂದ. ಜನ ಎದ್ದು ನಿಂತರು. ಅಂಕ ಹೇಳುವ ಮಾರ್ಕರ್ ಬಂದು ಒದ್ದೆ ಬೆರಳಿನಿಂದ ಆ ಜಾಗ ಒರೆಸಿದ. ಗುರುತು ಹೋಯಿತು. “ಚಾಕಿನ ಪುಡಿ, ಸರ್” ಎಂದ. ಕಾರ್ಯದರ್ಶಿ ತಾನೂ ಒರೆಸಿ ನೋಡಿದ. ಬಟ್ಟೆ ಇದ್ದ ಹಾಗೇ ಇತ್ತು.

ವರ್ತಕ ಎಂಟನ್ನು ಹಾಕಿದ, ಒಂಬತ್ತನ್ನೂ ಹಾಕಿದ. ಪಂದ್ಯ ಅವನದಾಯಿತು. ಹಾಲಮ್ಮ ಅವನ ಕೈ ಕುಲುಕಿದಳು. ಆಮೇಲೆ ಕಾರ್ಯದರ್ಶಿಯ ಮುಂದೆ ಹೋಗಿ ಕೈ ಚಾಚಿದಳು. “ನನ್ನ ಕಾಗದ ಕೊಡಿ” ಎಂದಳು. ಅವನು ಕೊಟ್ಟ. ಅವಳು ಅಲ್ಲೇ, ಎಲ್ಲರ ಎದುರು, ಅದನ್ನು ಹರಿದಳು.

ಮರುವರ್ಷ ಹೆಸರು ಬರೆಸುವ ದಿನ ಕ್ಲಬ್ಬಿನ ಬಾಗಿಲಿಗೆ ಒಂದು ಸೂಚನೆ ಅಂಟಿಸಿದ್ದರು. ಪ್ರತಿ ಆಟಗಾರನೂ ಮೂರು ಕೋಲು ತರತಕ್ಕದ್ದು ಎಂದು ಅದರಲ್ಲಿತ್ತು. ಹಾಲಮ್ಮ ಒಂದು ಕೋಲು ಹಿಡಿದು ಬಂದಳು. ಅವಳ ಹಿಂದೆ ಗಿರಣಿಯ ನಾಲ್ವರು ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದೇ ಕೋಲು. ಐವರೂ ಸೂಚನೆಯನ್ನು ಗಟ್ಟಿಯಾಗಿ ಓದಿದರು. ಐವರೂ ಒಳಗೆ ಹೋಗಿ ಕಾರ್ಯದರ್ಶಿಯ ಮೇಜಿನ ಮುಂದಿನ ಬೆಂಚಿನ ಮೇಲೆ ಕೂತರು. ಮಧ್ಯಾಹ್ನದವರೆಗೆ ಏಳಲಿಲ್ಲ. ಊಟದ ಹೊತ್ತಿಗೆ ಕಾರ್ಯದರ್ಶಿ ಐದು ಹೆಸರು ಬರೆದುಕೊಂಡ.

ಆ ವರ್ಷ ಅವಳು ನಡುವೆಯೇ ಸೋತಳು. ಅದರ ಮುಂದಿನ ವರ್ಷ ಗೆದ್ದಳು.

ಮೇಷ್ಟ್ರು ಕತೆ ನಿಲ್ಲಿಸಿದರು.

“ಹಾಗಾದರೆ ನಾನು ಬೇರೆ ಕೋಲು ಕೊಳ್ಳಲೇಬಾರದೇ, ಮೇಷ್ಟ್ರೇ?”

“ಧಾರಾಳವಾಗಿ ಕೊಳ್ಳು. ಆದರೆ ಒಂದು ಕೋಲು ಸಾಲದು ಎಂದು ನಿನಗೆ ಹೇಳಿದ್ದು ಮೇಜೋ, ಮನುಷ್ಯರೋ?”

ಕೊಟ್ರೇಶ ತನ್ನ ಕೋಲಿನ ತುದಿಯ ತೊಗಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.