ಹದ್ದಿನ ಗೂಡಿನ ಕೆಂಡ

ಕಾಡ್ಗಿಚ್ಚಿನಿಂದ ಉರಿಯುವ ಕಡ್ಡಿ ತಂದು ಹುಲ್ಲಿಗೆ ಹಾಕಿದರೆ ಇಲಿಗಳು ಹೊರಗೋಡಿ ಬರುತ್ತವೆಂದು ಹದ್ದು ಕಂಡುಕೊಂಡಿತು. ಅಂದಿನಿಂದ ಮಡಕೆಚೂರೊಂದರಲ್ಲಿ ಕೆಂಡವಿಟ್ಟು ಗೂಡಿನಲ್ಲೇ ಕಾಪಾಡಿತು. ಅದನ್ನು ನೋಡಿ ಕಾಗೆಯೂ ಒಂದು ಕೆಂಡ ತಂದಿಟ್ಟುಕೊಂಡಿತು. ತನ್ನ ಗೂಡಿಗೆ ಇನ್ನೊಂದು ಎಲ್ಲಿ ಬೆಂಕಿ ಹಾಕುತ್ತದೋ ಎಂದು ಎರಡಕ್ಕೂ ಭಯ ಹತ್ತಿತು.

“ಮೊದಲು ನೀನು ನಿನ್ನ ಕೆಂಡ ಆರಿಸು,” ಎಂದಿತು ಹದ್ದು.

“ಆಮೇಲೆ ನೀನೂ ಆರಿಸಿದೆಯೆಂದು ನನಗೆ ಗೊತ್ತಾಗುವುದು ಹೇಗೆ?” ಎಂದಿತು ಕಾಗೆ.

ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿಗೆ ರೇಗಿತು. “ಹುಲ್ಲಿಗೆ ಬೆಂಕಿ ಬಿದ್ದರೆ ಮೊದಲು ಬೇಯುವುದು ನನ್ನ ಮೊಟ್ಟೆ. ನಿಮಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ ತಾನೆ? ಬೇಡ, ನಂಬಬೇಡಿ. ಕೆಂಡಗಳನ್ನು ಒಟ್ಟಿಗೆ ಹೊಳೆಗೆ ಹಾಕಿ. ಆಮೇಲೆ ದಿನಾ ಬೆಳಿಗ್ಗೆ ಒಬ್ಬರ ಗೂಡನ್ನು ಇನ್ನೊಬ್ಬರು ಹೋಗಿ ನೋಡಿ.”

“ಈ ಮೊಟ್ಟೆಗಳ್ಳನಿಗೆ ಗೂಡು ತೋರಿಸುವುದೇ? ಅಲ್ಲಿ ನನ್ನ ಮರಿಗಳಿವೆ!” ಎಂದಿತು ಹದ್ದು.

“ಅವುಗಳ ಪಕ್ಕದಲ್ಲೇ ಕೆಂಡವೂ ಇದೆ,” ಎಂದಿತು ಟಿಟ್ಟಿಭ.

ಹದ್ದು ಗೂಡಿನತ್ತ ತಿರುಗಿತು. ಕಿರಿಯ ಮರಿಯ ರೆಕ್ಕೆಯ ತುದಿ ಸುಟ್ಟು ಕಪ್ಪಾಗಿತ್ತು. ಹದ್ದು ಮಡಕೆಚೂರನ್ನು ಎತ್ತಿಕೊಂಡಿತು. ಕಾಗೆಯೂ ತನ್ನದನ್ನು ತಂದಿತು. ಎರಡೂ ಕೆಂಡಗಳು ಒಟ್ಟಿಗೆ ಹೊಳೆಯಲ್ಲಿ ಚುಂಯ್ ಎಂದವು.

ಮೊದಮೊದಲು ಕಾಗೆ ನೋಡಲು ಬಂದಾಗ ಹದ್ದು ಕೊಕ್ಕು ಮಸೆಯುತ್ತ ಪಕ್ಕದಲ್ಲೇ ನಿಂತಿರುತ್ತಿತ್ತು. ಹತ್ತನೆಯ ಬೆಳಿಗ್ಗೆ ಕಾಗೆ ಬಂದಾಗ ಹದ್ದು ಬೇಟೆಗೆ ಹೊರಟು ನಿಂತಿತ್ತು.

“ನಾನು ಬರುವವರೆಗೆ ಮರಿಗಳ ಹತ್ತಿರ ಇರು,” ಎಂದಿತು. ಸ್ವಲ್ಪ ದೂರ ಹಾರಿ, ತಿರುಗಿ ಬಂದು ಹೇಳಿತು: “ಮರಿಗಳು ಮೂರಿವೆ. ಬಂದ ಮೇಲೆ ನಾನೂ ಎಣಿಸಿ ನೋಡುತ್ತೇನೆ.”