ಹುಡೇವಿನಿಂದ ಇಳಿಯದ ಕಾವಲುಗಾರ

ದಾಸೋಹದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಮರುಳಯ್ಯ ಎಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ:

“ಗುರುಗಳೇ, ಈ ಹೊಣೆ ಹೆಗಲಿಗೆ ಬಿದ್ದಂದಿನಿಂದ ನನ್ನ ಎದೆ ಬಿಗಿದುಕೊಂಡೇ ಇದೆ. ಉಂಡದ್ದು ಮೈಗೆ ಹತ್ತುವುದಿಲ್ಲ, ಮಲಗಿದರೆ ನಿದ್ದೆಯಿಲ್ಲ. ಆದರೂ ಚಿಂತೆ ಬಿಡಲು ಹೆದರಿಕೆ. ನಾನು ಚಿಂತಿಸುತ್ತಿರುವುದರಿಂದಲೇ ಅಲ್ಲವೇ ಕೆಲಸ ಕೆಡದೆ ನಡೆದಿರುವುದು?”

ಗುರುಗಳು ಹೇಳಿದರು:

ಬಯಲುಸೀಮೆಯ ಒಂದೂರಿನಲ್ಲಿ ಒಬ್ಬ ಕಾವಲುಗಾರನಿದ್ದ. ಅಲ್ಲಿ ಹಿತ್ತಿಲಿಗೊಂದು ಮೇವಿನ ಬಣವೆ, ಮನೆಮನೆಯಲ್ಲೂ ಹತ್ತಿಯ ರಾಶಿ. ಒಂದು ಕಿಡಿ ಬಿದ್ದರೆ ಸಾಕು. ಊರ ನಡುವೆ ಹುಡೇವು ಎಂದು ಕರೆಯುವ ದುಂಡನೆಯ ಕಾವಲುಗೋಪುರವಿತ್ತು. ಅದರ ಮೇಲೆ ನಿಂತು ನಾಲ್ಕೂ ದಿಕ್ಕು ನೋಡುವುದು, ಹೊಗೆ ಕಂಡರೆ ನಗಾರಿ ಬಾರಿಸುವುದು ಅವನ ಕೆಲಸ.

ಒಮ್ಮೆ ಅವನು ಊಟಕ್ಕೆ ಮನೆಗೆ ಹೋಗಿದ್ದಾಗ ನೇಕಾರನೊಬ್ಬನ ಮನೆಗೆ ಬೆಂಕಿ ಬಿತ್ತು. ಮಗ್ಗ ಸುಟ್ಟಿತು, ಕಟ್ಟಿದ ಹಸು ಕಟ್ಟಿದಲ್ಲೇ ಸತ್ತಿತು. ಯಾರೂ ಅವನನ್ನು ದೂರಲಿಲ್ಲ. ಅವನೇ ತನ್ನನ್ನು ದೂರಿಕೊಂಡ. ಅಂದಿನಿಂದ ಹುಡೇವು ಇಳಿಯಲಿಲ್ಲ. ಹೆಂಡತಿ ತಂದ ರೊಟ್ಟಿಯನ್ನು ನಿಂತೇ ತಿಂದ. ಗೋಡೆಗೆ ಒರಗಿ ಕಣ್ಣು ಮುಚ್ಚಿ, ಮರುಕ್ಷಣವೇ ಬೆಚ್ಚಿ ತೆರೆದ.

ಮೊದಮೊದಲು ಜನ ಹೊಗಳಿದರು. ಇಂಥ ಕಾವಲುಗಾರ ಯಾವ ಊರಿಗಿದ್ದಾನೆ ಎಂದರು. ಬರಬರುತ್ತ ಅವನ ಕಣ್ಣು ಕೆಂಪಾಯಿತು, ಕೈ ನಡುಗತೊಡಗಿತು. ಒಂದು ಸಂಜೆ, ಮನೆಗೆ ಮರಳುವ ದನಗಳ ಧೂಳನ್ನು ಕಂಡು ನಗಾರಿ ಬಾರಿಸಿದ. ಜನ ಕೊಡ ಹೊತ್ತು ಓಡಿದರು. ಆ ನೂಕುನುಗ್ಗಲಿನಲ್ಲಿ ಮುದುಕನೊಬ್ಬ ಬಿದ್ದು ಕಾಲು ಮುರಿದುಕೊಂಡ. ಮತ್ತೊಂದು ದಿನ ಯಾರದೋ ಒಲೆಯ ಹೊಗೆಗೆ ಬಾರಿಸಿದ. ಇನ್ನೊಂದು ದಿನ ಏನೂ ಇಲ್ಲದ ಕಡೆಗೆ ಕೈ ತೋರಿಸಿದ. ಆಮೇಲೆ ನಗಾರಿ ಕೇಳಿಸಿದರೆ ಜನ ಒಮ್ಮೆ ತಲೆಯೆತ್ತಿ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು.

ಊರ ಗೌಡ ಹುಡೇವು ಹತ್ತಿ ಬಂದ.

“ಇನ್ನು ಅರ್ಧ ದಿನ ನಿನ್ನದು, ಉಳಿದದ್ದು ನನ್ನ ತಮ್ಮನದು. ಕೆಳಗಿಳಿ.”

“ಗೌಡರೇ, ನಾನು ಕಣ್ಣು ಮುಚ್ಚಿದರೆ ಊರು ಉರಿಯುತ್ತದೆ.”

“ಧೂಳನ್ನು ಹೊಗೆ ಎಂದಾಗ ನಿನ್ನ ಕಣ್ಣು ತೆರೆದೇ ಇತ್ತಲ್ಲಪ್ಪ,” ಎಂದ ಗೌಡ.

ಕಾವಲುಗಾರ ತಲೆ ತಗ್ಗಿಸಿ ಇಳಿದ. ಮನೆಯಲ್ಲೂ ಹುಡೇವಿನ ಕಡೆಗೇ ಮುಖ ಮಾಡಿ ಕುಳಿತ. ನಿದ್ದೆ ಹತ್ತಿರ ಸುಳಿಯಲಿಲ್ಲ. ಹೆಂಡತಿ ವಾದ ಮಾಡಲಿಲ್ಲ. “ನಿದ್ದೆ ಬರದಿದ್ದರೆ ಬೇಡ, ಬಿಡಿ. ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಕೊಡಿ,” ಎಂದಳು. ಅವನು ಸೇದಿದ. ಆ ನೀರನ್ನು ಕಾಯಿಸಿ ಅವನಿಗೇ ಎರೆದಳು. ಬಿಸಿ ರೊಟ್ಟಿ ಬಡಿಸಿ, ಉಂಡು ಮುಗಿಯುವವರೆಗೂ ಎದುರಿಗೆ ಕುಳಿತಳು. ಬೆಳಗ್ಗೆ ಮೇವು ತರಲು ಹೊಲದವರೆಗೆ ಜೊತೆಯಲ್ಲಿ ನಡೆಸಿಕೊಂಡು ಹೋದಳು. ಸಂಜೆ ಭಜನೆಗೆ ಕಳಿಸಿದಳು. ಹೋಗಲು ಮನಸ್ಸಿಲ್ಲದ ದಿನವೂ ಕಳಿಸಿದಳು.

ಅವನಿಗೆ ಇದೆಲ್ಲ ಹೊತ್ತು ಕಳೆಯುವ ಕೆಲಸ ಎನಿಸಿತು. ಆದರೂ ಮಾಡಿದ. ಮಾಡುತ್ತ ಮಾಡುತ್ತ ಒಂದು ದಿನ ಉಂಡ ರೊಟ್ಟಿಯ ರುಚಿ ತಿಳಿಯಿತು. ಮತ್ತೊಂದು ದಿನ, ಮಲಗಿದ್ದು ಮಾತ್ರ ನೆನಪಿತ್ತು. ಕಣ್ಣು ಬಿಟ್ಟಾಗ ಬೆಳಕಾಗಿತ್ತು. ಕೈ ನಡುಕ ನಿಂತಿತು. ತನ್ನ ಸರದಿಗೆ ಹುಡೇವು ಹತ್ತಿದಾಗ ಧೂಳು ಧೂಳಾಗಿ, ಹೊಗೆ ಹೊಗೆಯಾಗಿ ಕಂಡಿತು.

ಬೇಸಿಗೆಯ ಒಂದು ಮಧ್ಯಾಹ್ನ, ಗಾಳಿ ಜೋರಾಗಿದ್ದಾಗ, ಎಣ್ಣೆಗಾಣದ ಹಿಂದಿನ ಬಣವೆಯಿಂದ ಒಂದೆಳೆ ಹೊಗೆ ಎದ್ದಿತು. ಅವನು ಇನ್ನೊಮ್ಮೆ ನೋಡಿದ. ನಗಾರಿ ಬಾರಿಸಿದ. ಹಿಂದೆಲ್ಲ ಅದರ ಸದ್ದು ತಡವರಿಸುತ್ತಿತ್ತು, ಗದಗದನೆ ನಡುಗುತ್ತಿತ್ತು. ಈ ಸಲ ಪೆಟ್ಟು ಗಟ್ಟಿಯಾಗಿತ್ತು, ಒಂದೇ ಸಮನಾಗಿತ್ತು. ಜನ ಕೈಯಲ್ಲಿದ್ದುದನ್ನು ಬಿಟ್ಟು ಎದ್ದರು. “ಇದು ನಿಜವಾದದ್ದು,” ಎಂದು ಕೊಡ ಹೊತ್ತು ಓಡಿದರು. ಒಂದು ಬಣವೆ ಹೋಯಿತು. ಊರು ಉಳಿಯಿತು.

ಆ ಸಂಜೆಯೂ ಅವನು ಸರದಿ ಮುಗಿಸಿ ಇಳಿದು, ಮಿಂದು, ಉಂಡು, ಭಜನೆಗೆ ಹೋಗಿ ಬಂದು ಮಲಗಿದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಕೇಳಿದ: “ಹಾಗಾದರೆ ಅವನ ಭಯ ಹೋಯಿತೇ, ಗುರುಗಳೇ?”

“ಇಲ್ಲ ಮರುಳಯ್ಯ, ಅದಕ್ಕೂ ಮಲಗುವ ಹೊತ್ತು ಯಾವುದೆಂದು ಗೊತ್ತಾಯಿತು.”