ಹರಕೆಯ ಉಗುರು

ಹಳ್ಳದ ದಂಡೆಯ ಮೇಲೆ ಎರಡು ಖೋಲಿಯ ಮಣ್ಣಿನ ಮನೆ, ಅಂಗಳದಲ್ಲೊಂದು ಬೇವಿನ ಗಿಡ, ಬಾವಿ, ಬಾವಿಯ ಮಗ್ಗುಲಿಗೆ ಕೈಕಾಲು ತೊಳೆಯುವ ಕಲ್ಲು. ಮುಗಳಿಕೊಪ್ಪದ ಮಾತೋಶ್ರೀ ನೀಲಗಂಗಮ್ಮ ತಾಯಿಯವರ ಮಠವೆಂದರೆ ಇಷ್ಟೇ. ಪೂಜೆ ಮುಗಿಸಿದ ತಾಯಿಯವರು ಬಾವಿಕಟ್ಟೆಯ ಮೇಲೆ ಕುಳಿತು ದಾಸೋಹಕ್ಕೆ ಸೊಪ್ಪು ಸೋಸುತ್ತಿದ್ದರು. ಅವರ ಕೀರ್ತಿ ಕೇಳಿ ದೂರದಿಂದ ಬಂದವರು ಎಷ್ಟೋ ಸಲ ಅವರನ್ನೇ ಹಿಡಿದು, "ತಾಯಿಯವರು ಎಲ್ಲದಾರ?" ಎಂದು ವಿಚಾರಿಸುತ್ತಿದ್ದರಂತೆ. "ಮೊದಲ ಕೈ ತೊಳಕೊಂಡ ಬರ್ರಿ, ತೋರಸ್ತೀನಿ" ಎನ್ನುತ್ತಿದ್ದರಂತೆ ಅವರು.

ಒಂದು ಶುಕ್ರವಾರ ಬೆಳಿಗ್ಗೆ ಆ ಅಂಗಳಕ್ಕೆ ಫಕೀರವ್ವ ಬಂದಳು. ಮೂರು ಹರದಾರಿ ನಡೆದು ಬಂದಿದ್ದಳು. ಹೆಗಲ ಮೇಲೆ ಒಂದೂವರೆ ವರ್ಷದ ಮಗಳು ಸಾವಂತ್ರಿ, ಒಗೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ನಾಲ್ಕು ತಿಂಗಳಿಂದ ಆ ಕೂಸಿಗೆ ಭೇದಿ. ಎಂಟು ದಿನ ನಿಂತರೆ ಹತ್ತು ದಿನ ಮತ್ತೆ. ಚೊಚ್ಚಲ ಗಂಡುಮಗು ಹೀಗೆಯೇ ಸೊರಗಿ ಸೊರಗಿ ಅವಳ ತೊಡೆಯ ಮೇಲೇ ಕಣ್ಣುಮುಚ್ಚಿತ್ತು. ಇದೂ ಹೋದರೆ ತಾನು ಉಳಿಯುವುದಿಲ್ಲವೆಂದು ಅವಳಿಗೆ ಖಾತ್ರಿಯಾಗಿತ್ತು.

ಕೂಸನ್ನು ಹಿಡಿದಿದ್ದ ಅವಳ ಎರಡೂ ಕೈ ಸೆರಗಿನೊಳಗೆ ಅಡಗಿದ್ದವು. ಅದಕ್ಕೊಂದು ಕಾರಣವಿತ್ತು. ಕೂಸು ಮೊದಲ ಸಲ ಭೇದಿಯಿಂದ ಹಾಸಿಗೆ ಹಿಡಿದಾಗ ಅವಳು ಊರ ದ್ಯಾಮವ್ವನಿಗೆ ಹರಕೆ ಹೊತ್ತಿದ್ದಳು. ಬೆಳ್ಳಿಯ ಕಣ್ಣು ಮಾಡಿಸಿಕೊಡಲು ಅವಳಲ್ಲಿ ಏನಿತ್ತು? ತನ್ನ ಮೈಯಲ್ಲಿ ಬೆಳೆಯುವುದನ್ನೇ ಮುಡಿಪಿಟ್ಟಳು: ಕೂಸಿನ ಹೊಟ್ಟೆ ನೆಟ್ಟಗಾಗುವವರೆಗೆ ಕೈಯ ಉಗುರು ತೆಗೆಯುವುದಿಲ್ಲ. ಯಾರೂ ಕೇಳದ, ಯಾರೂ ಹೇಳದ ಹರಕೆ. ಹೆದರಿದ ತಾಯಿಗೆ ಆ ಹೊತ್ತಿನಲ್ಲಿ ಹೊಳೆದದ್ದು ಅದು, ನಗುವವರು ನಗಲಿ.

ಅಂದಿನಿಂದ ಅವಳ ಜೀವವೆಲ್ಲ ಹತ್ತು ಉಗುರಿನ ತುದಿಯಲ್ಲಿತ್ತು. ದಿನ ಬೆಳಗಾದರೆ ಸಗಣಿ ಕಲಸಿ ಕುಳ್ಳು ತಟ್ಟುವ ಕೆಲಸ. ಮುಗಿಸಿ ಕೈಗೆ ನೀರು ಸುರಿದುಕೊಳ್ಳುವಳು, ಆದರೆ ಉಜ್ಜಲು ಭಯ, ಉಗುರು ಮುರಿದರೆ? ಒಮ್ಮೆ ಕಿರುಬೆರಳಿನ ಉಗುರು ಬುಟ್ಟಿಗೆ ಸಿಕ್ಕಿ ಮುರಿಯಿತು. ಅದೇ ಸಂಜೆ ಕೂಸು ವಾಂತಿ ಮಾಡಿತು. ಅವಳ ಎದೆ ಧಸಕ್ಕೆಂದಿತು. ಮರುದಿನದಿಂದ ಬೆರಳುಗಳಿಗೆ ಚಿಂದಿ ಸುತ್ತಿಕೊಂಡೇ ಕೆಲಸ ಮಾಡಿದಳು. ಕೂಸಿಗೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚುವಾಗ ಮಾತ್ರ ಆ ಚಿಂದಿಯನ್ನು ಬಿಚ್ಚುತ್ತಿದ್ದಳು.

"ಅವ್ವಾರ, ಒಂದೀಟು ಅಂಗಾರದ ಬೂದಿ ಮಂತ್ರಿಸಿ ಕೊಡ್ರಿ" ಎಂದು ಅವಳು ಅಳುತ್ತ ಕುಸಿದು ಕುಳಿತಳು. "ಕೂಸು ಕೈ ಬಿಟ್ಟು ಹೊಂಟೇತ್ರಿ."

ತಾಯಿಯವರು ಕೂಸಿನ ಹಣೆ ಮುಟ್ಟಿ ನೋಡಿದರು, ಒಣಗಿದ ತುಟಿ ನೋಡಿದರು. ಒಳಗೆ ಹೋಗಿ, ಬಿಳಿಯ ಪಿಂಗಾಣಿ ಬಟ್ಟಲಿನಲ್ಲಿ ಕಾಯಿಸಿ ಆರಿಸಿದ ನೀರು ತಂದು, ಒಂದು ಹರಳು ಕಲ್ಲುಸಕ್ಕರೆ ಹಾಕಿ ಅವಳ ಮುಂದಿಟ್ಟರು.

"ಕರಗಿಸಿ ಕುಡಸು."

ಫಕೀರವ್ವ ಹಿಂದುಮುಂದು ನೋಡಲಿಲ್ಲ. ದಿನವೂ ಮಾಡುವಂತೆ ಚಿಂದಿ ಬಿಚ್ಚಿ, ಬೆರಳನ್ನು ಬಟ್ಟಲಿಗೆ ಇಳಿಸಿ ತಿರುವಿದಳು. ಮನೆಯ ಕಪ್ಪು ಗಡಿಗೆಯಲ್ಲಿ ಎಂದೂ ಕಾಣದಿದ್ದುದು ಆ ಬಿಳಿಯ ಬಟ್ಟಲಿನಲ್ಲಿ ಕಂಡಿತು. ಉಗುರಿನ ಸಂದಿಯಿಂದ ಕರಿಯ ಕಸರು ಬಿಟ್ಟುಕೊಂಡಿತು; ಹುಲ್ಲಿನದೊಂದು ಎಳೆ ಮೇಲೆ ತೇಲಿತು. ತಾಯಿಯವರು ಬಟ್ಟಲನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡರು. ತೆಗೆದುಕೊಂಡು ತಮ್ಮ ತುಟಿಗೆ ಹಚ್ಚಿದರು.

ಫಕೀರವ್ವ ಹೌಹಾರಿ ಅವರ ಮುಂಗೈ ಹಿಡಿದಳು. "ಬ್ಯಾಡ್ರಿ ಅವ್ವಾರ! ಅದು ಹೊಲಸೈತ್ರಿ!"

ತಾಯಿಯವರು ಅವಳ ಮುಖವನ್ನೇ ನೋಡಿದರು. "ಮತ್ತ ಕೂಸಿಗೆ?"

ಎರಡೇ ಮಾತು. ಫಕೀರವ್ವನಿಗೆ ಅಂಗಳವೇ ತಿರುಗಿದಂತಾಯಿತು. ನಾಲ್ಕು ತಿಂಗಳು, ದಿನಕ್ಕೆ ಮೂರು ಹೊತ್ತು, ಇದೇ ಬೆರಳಿನಿಂದ, ಎಷ್ಟು ಅಕ್ಕರೆಯಿಂದ! ಕೂಸು ಬಾಯಿ ಮುಚ್ಚಿಕೊಂಡಾಗ ತುಟಿ ಬಿಡಿಸಿ ಬಿಡಿಸಿ ಉಣಿಸಿದ್ದಳಲ್ಲ! ಹರಕೆಯ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿ ಹಣೆ ಬಡಿದುಕೊಂಡಳು.

ತಾಯಿಯವರು ಕತ್ತರಿ ತಂದರು. ಅದನ್ನು ಕಂಡದ್ದೇ ಫಕೀರವ್ವ ಕೈ ಹಿಂದೆಗೆದುಕೊಂಡಳು. ಇಟ್ಟುಕೊಂಡರೆ ಹೊಲಸು, ತೆಗೆದರೆ ದ್ಯಾಮವ್ವನ ಸಿಟ್ಟು. ಎತ್ತ ಹೋದರೂ ಕೂಸಿಗೇ ಕೇಡು ಎಂದು ಅವಳ ಜೀವ ಒದ್ದಾಡಿತು.

"ಇವತ್ತ ಶುಕ್ರವಾರ ಐತ್ರಿ ಅವ್ವಾರ" ಎಂದಳು ಕೊನೆಗೆ. ಅವಳಿಗೆ ಉಳಿದಿದ್ದ ನೆವ ಅದೊಂದೇ.

"ಬ್ಯಾನಿಗೆ ವಾರ ಗೊತ್ತೈತೇನು?" ಎಂದು ತಾಯಿಯವರು ಅವಳೆದುರು ನೆಲದ ಮೇಲೇ ಕುಳಿತರು. "ಹರಕಿ ತಪ್ಪಿದ ಪಾಪ ನನಗಿರಲಿ. ಈ ಕೂಸು ತಾನಾಗೇ ಬಾಯಿ ತೆರೆದು ಉಣ್ಣೂತನಕ ನಾನೂ ಉಣ್ಣಂಗಿಲ್ಲ. ದ್ಯಾಮವ್ವ ಕೇಳಿದ್ರ ನನ್ನ ಹೆಸರ ಹೇಳು."

ಬಿಸಿನೀರಿನಲ್ಲಿ ಅಂಟುವಾಳದ ನೊರೆ ಎಬ್ಬಿಸಿ ಅವಳ ಕೈಗಳನ್ನು ಅದರಲ್ಲಿ ನೆನೆಸಿದರು. ಉಗುರು ಮೆತ್ತಗಾದ ಮೇಲೆ ಒಂದೊಂದೇ ಬೆರಳು ಹಿಡಿದು, ಮಾಂಸಕ್ಕೆ ತಾಗದಂತೆ ಕತ್ತರಿಸಿದರು. ಬೇವಿನ ಕಡ್ಡಿಯ ತುದಿಯನ್ನು ಮೆತ್ತಗೆ ಜಜ್ಜಿ ಸಂದಿಯ ಕಸರು ತೆಗೆದರು. ತಿರುಗಿ ತೊಳೆದು, ಒರೆಸಿ, ಒಡೆದ ಬೆರಳುಗಳಿಗೆ ಕುಸುಬೆ ಎಣ್ಣೆ ಸವರಿದರು. ಸಾವಿರಾರು ಜನ ಪಾದ ಮುಟ್ಟಲು ಹಾತೊರೆಯುತ್ತಿದ್ದ ತಾಯಿ ಒಬ್ಬ ಕುಳ್ಳು ತಟ್ಟುವವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಫಕೀರವ್ವ ಮಾತ್ರ ಕತ್ತರಿಯ ಪ್ರತಿ ಸಪ್ಪಳಕ್ಕೂ ಕೂಸಿನ ಕಡೆ ನೋಡುತ್ತಿದ್ದಳು, ಅದರ ಉಸಿರು ನಿಂತಿಲ್ಲವಷ್ಟೇ ಎಂದು.

ತಾಯಿಯವರು ಅಷ್ಟಕ್ಕೇ ಬಿಡಲಿಲ್ಲ. ಪೇಟೆಗೆ ಆಳು ಕಳಿಸಿ ಡಾಕ್ಟರರನ್ನು ಕರೆಸಿ ತೋರಿಸಿದರು, ಅವರು ಕೊಟ್ಟ ಔಷಧವನ್ನು ಹೊತ್ತುಹೊತ್ತಿಗೆ ಹಾಕಿಸಿದರು. ಅಂಗಾರ ಹಚ್ಚಿದರು, ಔಷಧವನ್ನೂ ಬಿಡಲಿಲ್ಲ. ಎರಡಕ್ಕೂ ಜಗಳ ಹಚ್ಚುವುದು ನಮ್ಮಂಥವರ ಕೆಲಸ.

ಮೊದಲ ದಿನ ಕೂಸು ಕಣ್ಣು ತೆರೆಯಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಮತ್ತೆ ಭೇದಿಯಾಯಿತು. ತಪ್ಪು ಮಾಡಿದೆ, ದ್ಯಾಮವ್ವ ಬಿಡುವುದಿಲ್ಲ ಎಂದು ಫಕೀರವ್ವ ಕಂಗಾಲಾದಳು. ಬೋಳು ಬೆರಳುಗಳನ್ನು ಮತ್ತೆ ಮತ್ತೆ ತಿರುಗಿಸಿ ನೋಡಿಕೊಂಡಳು. ಆದರೂ ಪ್ರತಿ ಸಲ ಕಲ್ಲಿನ ಬಳಿಗೆ ಹೋಗಿ ಕೈ ಉಜ್ಜಿ ತೊಳೆದು ಬಂದೇ ಗುಟುಕು ಗುಟುಕು ನೀರು ಕುಡಿಸಿದಳು. ಏಕೆಂದರೆ ಅಂಗಳದಲ್ಲಿ ತಾಯಿಯವರು ಬರಿಯ ಹೊಟ್ಟೆಯಲ್ಲಿ ಸೊಪ್ಪು ಸೋಸುತ್ತಿದ್ದರು. ಅವರ ಮುಖ ಬಾಡಿತ್ತು.

ಮೂರನೆಯ ದಿನ ಬೆಳಿಗ್ಗೆ ಫಕೀರವ್ವ ಗಂಜಿ ಆರಿಸುತ್ತಿದ್ದಳು. ಸೆರಗು ಎಳೆದಂತಾಯಿತು. ತಿರುಗಿದರೆ ಸಾವಂತ್ರಿ, ಕಣ್ಣು ಅಗಲಿಸಿ, ಬಾಯಿ ತೆರೆದು ಕಾಯುತ್ತಿತ್ತು. ಒಂದು ತುತ್ತು ನುಂಗಿತು, ಇನ್ನೊಂದಕ್ಕೆ ಬಾಯಿ ತೆರೆಯಿತು, ಮೂರನೆಯದು ತಡವಾಯಿತೆಂದು ಅತ್ತಿತು. ಆ ಅಳು ಕೇಳಿ ಫಕೀರವ್ವನಿಗೆ ನಗು ಬಂತು, ನಗುತ್ತಲೇ ಗಳಗಳನೆ ಅತ್ತಳು.

ಕೂಸನ್ನು ಕಂಕುಳಲ್ಲಿರಿಸಿಕೊಂಡು ಗಂಜಿಯ ಬಟ್ಟಲಿನೊಂದಿಗೆ ಅಂಗಳಕ್ಕೆ ಓಡಿದಳು. "ಉಂಡ್ಳ್ರೀ ಅವ್ವಾರ! ನೀವೂ ಉಣ್ರಿ!" ಎಂದು ಬಟ್ಟಲನ್ನು ಮುಂದೆ ಹಿಡಿದಳು.

ತಾಯಿಯವರು ಬಟ್ಟಲು ಮುಟ್ಟಲಿಲ್ಲ. ಕೂಸಿನ ಹಾಗೆಯೇ ಬಾಯಿ ತೆರೆದರು. "ನೀನಽ ಉಣಸು."

ಫಕೀರವ್ವ ಬಟ್ಟಲು ಕೆಳಗಿಟ್ಟಳು. ಆಗಷ್ಟೇ ತೊಳೆದಿದ್ದ ಕೈಯನ್ನು ಕಲ್ಲಿನ ಬಳಿಗೆ ಹೋಗಿ ಇನ್ನೊಮ್ಮೆ ತೊಳೆದಳು. ಬೆರಳುಗಳನ್ನು ಬಿಸಿಲಿಗೆ ಹಿಡಿದು ಒಂದೊಂದಾಗಿ ನೋಡಿಕೊಂಡಳು. ಆಮೇಲೆ ಬಂದು, ಆ ಕೈಯಿಂದಲೇ ತಾಯಿಯವರಿಗೆ ಮೊದಲ ತುತ್ತು ಉಣಿಸಿದಳು.

ಮುಂದೆ ನಲವತ್ತು ವರ್ಷ, ಪ್ರತಿ ಸೋಮವಾರ ಅವಳು ಮಠದ ಆ ಕಲ್ಲಿನ ಬಳಿ ಕತ್ತರಿ, ಅಂಟುವಾಳ ಇಟ್ಟುಕೊಂಡು ಕುಳಿತಿರುತ್ತಿದ್ದಳು. ಬಂದ ತಾಯಂದಿರ, ಮಕ್ಕಳ ಉಗುರು ತೆಗೆಯುವಳು. ಬೇರೆ ದಿನ, ಶುಕ್ರವಾರವೇ ಕೇಳಿಕೊಂಡು ಬಂದವರನ್ನೂ ಹಾಗೇ ಕಳಿಸುತ್ತಿರಲಿಲ್ಲ. ಯಾರಾದರೂ ನಾಚಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರೆ ತನ್ನ ಕೈಯನ್ನೇ ಚಾಚಿ ತೋರಿಸುವಳು: "ಕೈ ತಾ ಯವ್ವಾ, ನಾಚಬ್ಯಾಡ. ನನ್ನ ಅವ್ವಾರು ಉಪವಾಸ ಮುರಿದದ್ದು ಈ ಕೈಯಿಂದ."